ನಿಂತು ಪಡೆದ ಮಡಿಲಕ್ಕಿ

ಮೊನ್ನೆ ನನ್ನ ಹಿಮ್ಮಡಿ ಒಡೆದು ನಡೆಯುವುದು ಕಷ್ಟವಾದಾಗ, ಮನೆಗೆಲಸಕ್ಕೆ ಬರುವ ಹೆಂಗಸು ಹರಳೆಣ್ಣೆಯನ್ನು ಸೌಟಿನಲ್ಲಿ ಬೆಚ್ಚಗೆ ಮಾಡಿ ತಂದಿಟ್ಟಳು. ಅಂಗಡಿಯ ತೆಳು ಎಣ್ಣೆಯಲ್ಲ. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತೆಗೆದ ಮಂದವಾದ ಎಣ್ಣೆ. ಅದರ ಕಮಟು ವಾಸನೆ ಕೋಣೆಯನ್ನು ತುಂಬಿದಾಗ ನನಗೆ ನೆನಪಾದದ್ದು ಬಾಣಂತಿಯರಲ್ಲ, ಎಳೆಗೂಸುಗಳಲ್ಲ. ಪಿರಿಯಾಪಟ್ಟಣದ ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯ ಉಪಾಧ್ಯಾಯರ ಕೊಠಡಿ, ಮತ್ತು ಅದರ ಕಿಟಕಿಯ ಬಳಿ ನಿಂತೇ ಊಟ ಮಾಡುತ್ತಿದ್ದ ಹೊಲಿಗೆ ಮೇಡಂ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನನ್ನಿಂದ ಪಡೆದ ಮಾತು ಒಂದೇ: "ನಾನಿರೋವರೆಗೂ ಯಾರಿಗೂ ಹೇಳ್ಬೇಡಿ ಅಕ್ಕ." ಅದನ್ನು ನಡೆಸಿಕೊಟ್ಟಿದ್ದೇನೆ. ಈಗ ಅವರಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಈ ಬರಹದಲ್ಲಿ ಅವರೊಬ್ಬರನ್ನು ಬಿಟ್ಟು ಬೇರೆ ಯಾರ ಮರ್ಯಾದೆಯನ್ನೂ ಕಾಯುವ ಹೊಣೆ ನನ್ನದಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಕನ್ನಡ ಕಲಿಸುತ್ತಿದ್ದೆ. ಅವರು ಹೊಲಿಗೆ ಶಿಕ್ಷಕಿಯಾಗಿ ಬಂದರು. ನನಗಿಂತ ಬಹಳ ಚಿಕ್ಕವರು, ಮದುವೆಯಾಗಿ ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಗಂಡ ಸೊಸೈಟಿಯಲ್ಲಿ ಗುಮಾಸ್ತ. ಗಂಡನ ಮನೆಯವರು ರಾವಂದೂರು ಕಡೆಯವರು. ತವರು ಬೆಟ್ಟದಪುರದ ಬೆಟ್ಟದ ಬುಡದಲ್ಲಿ, ಹೊಗೆಸೊಪ್ಪು ಬೆಳೆಯುವ ಅಣ್ಣನ ಮನೆ. ಮಿತಭಾಷಿ. ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಡುತ್ತಿದೆಯೇನೋ ಎನ್ನಿಸುವಂಥ ಕೈ.

ಅವರಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಆ ಕೈಯಲ್ಲ. ಅವರು ಕೂರುತ್ತಿರಲಿಲ್ಲ.

"ಏನ್ ಮೇಡಂ, ನಮ್ ಕುರ್ಚಿಲಿ ತಿಗಣೆ ಅವೇನ್ರೀ?" ಎಂದು ಮೊದಲು ಕೇಳಿದವರು ಪಿ.ಟಿ. ಮೇಷ್ಟ್ರು.

"ನಿಂತು ಅಭ್ಯಾಸ ಸಾರ್," ಎಂದು ಹೊಲಿಗೆ ಮೇಡಂ ನಕ್ಕರು.

"ಅಯ್ಯೋ, ಕೂತ್ರೆ ನೆರಿಗೆ ಕೆಡಲ್ವೇನ್ರೀ," ಎಂದರು ಗಣಿತದ ಮೇಡಂ. ಅವರು ಆವತ್ತು ಉಟ್ಟಿದ್ದ ನೇರಳೆ ಬಣ್ಣದ ಸೀರೆ, ಕೈಯಲ್ಲಿ ಹಿಡಿದಿದ್ದ ಅರ್ಧ ಕಚ್ಚಿದ ಕೋಡುಬಳೆ ನನಗೆ ಈಗಲೂ ಕಾಣುತ್ತವೆ. ವರ್ಷಗಳ ನಂತರ ಅದೇ ಗಣಿತದ ಮೇಡಂ ಮಂಡಿನೋವೆಂದು ನರಳುವಾಗ ಶಾಲೆಗೆ ಶಾಲೆಯೇ ಅವರಿಗೆ ಕುರ್ಚಿ ಹೊತ್ತು ತಿರುಗಿತು. ಮಂಡಿ ಮರ್ಯಾದಸ್ಥ ಅಂಗ. ಅದರ ನೋವನ್ನು ಎಲ್ಲರೆದುರಿಗೂ ಹೇಳಿಕೊಳ್ಳಬಹುದು.

ಹೊಲಿಗೆ ಮೇಡಂ ಕೈಚೀಲದಲ್ಲಿ ಹರಳೆಣ್ಣೆಯ ಸಣ್ಣ ಸೀಸೆ ಇಟ್ಟುಕೊಂಡಿರುತ್ತಿದ್ದರು. ಮಧ್ಯಾಹ್ನ ಒಂದು ಸಲ ಹಿತ್ತಲಿನ ಪಾಯಿಖಾನೆಗೆ ಹೋಗಿ ಬರುವರು. ಅದಕ್ಕೆ ಒಳಗಿನಿಂದ ಚಿಲಕವಿರಲಿಲ್ಲ. ಬಾಗಿಲನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕು. ಚಿಲಕ ಹಾಕಿಸಿಕೊಡಿರೆಂದು ನಾನು ಹೆಡ್ಮಾಸ್ಟರನ್ನು ಪದೇ ಪದೇ ಕೇಳಿದ್ದೆ. ಬಂದ ಉತ್ತರ ಪ್ರತಿ ಸಲವೂ ಒಂದೇ: "ನೋಡೋಣ ಮೇಡಂ." ಅಲ್ಲಿಂದ ಮರಳಿ ಬಂದಾಗ ಅವರ ಜೊತೆ ಆ ವಾಸನೆಯೂ ಬರುತ್ತಿತ್ತು.

"ಯಾರ್ರೀ ಇಲ್ಲಿ ಬಾಣಂತಿ? ಹರಳೆಣ್ಣೆ ಗಮ್ ಅಂತಾ ಐತಲ್ಲ!" ಎಂದು ಪಿ.ಟಿ. ಮೇಷ್ಟ್ರು ಒಂದು ದಿನ ಮೂಗರಳಿಸಿದರು.

"ಬಾಣಂತಿ ಆಗೋ ಯೋಗ ಇದ್ರೆ ತಾನೇ," ಎಂದು ಗಣಿತದ ಮೇಡಂ ಮೆಲ್ಲಗೆ ಅಂದರು. ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ.

ಕೊಠಡಿ ನಕ್ಕಿತು. ನಾನು ನಗಲಿಲ್ಲ. ನಕ್ಕವರು ಯಾರು ಯಾರೆಂದು ನನಗೆ ಗೊತ್ತು.

ಆ ವರ್ಷ ಶಾಲೆಗೆ ಕಾಲಿನಲ್ಲಿ ತುಳಿಯುವ ಹೊಸ ಹೊಲಿಗೆ ಮೆಷಿನುಗಳು ಬಂದವು. ಮೇಡಂ ಅವುಗಳ ಮೇಲೆ ಹೊದಿಸಿದ ಬಟ್ಟೆಯನ್ನು ತೆಗೆಯದೆ, ಹಳೆಯ ಕೈಮೆಷಿನನ್ನು ಎತ್ತರದ ಡೆಸ್ಕಿನ ಮೇಲಿಟ್ಟು, ನಿಂತುಕೊಂಡು ಹಿಡಿ ತಿರುಗಿಸುತ್ತಲೇ ಪಾಠ ಮಾಡುತ್ತಿದ್ದರು. ಇದು ಹೆಡ್ಮಾಸ್ಟರ ಕಣ್ಣಿಗೆ ಬಿತ್ತು. "ಸರ್ಕಾರ ಕೊಟ್ಟಿರೋ ಮೆಷಿನ್‌ಗೆ ಮುಸುಕು ಹಾಕಿ ಮಲಗಿಸಿದ್ದೀರಲ್ರೀ. ನಾಳೆ ಇನ್‌ಸ್ಪೆಕ್ಟರು ಬತ್ತಾರೆ. ಕೂತ್ಕೊಂಡು ಹೊಲಿದು ತೋರಿಸ್ಬೇಕು. ಮಹಾರಾಣಿ ಹಂಗೆ ನಿಂತ್ಕೋಬೇಡಿ," ಎಂದು ಹುಡುಗಿಯರ ಎದುರಿಗೇ ಅಂದರು.

ಮರುದಿನ ಅವರು ಕೂತರು. ಇನ್‌ಸ್ಪೆಕ್ಟರು ನಿಧಾನದ ಮನುಷ್ಯ. ಮೊದಲ ಹೊಲಿಗೆ ನೋಡಿ ಮೆಚ್ಚಿ, ತೋಳು ಜೋಡಿಸುವುದನ್ನು ತೋರಿಸಿ ಎಂದರು; ಅದನ್ನೂ ಮೆಚ್ಚಿ, ಇನ್ನೊಮ್ಮೆ ತೋರಿಸಿ ಎಂದರು. ಪಠ್ಯದಲ್ಲಿದ್ದದ್ದು ಕೂಸಿಗೆ ತೊಡಿಸುವ ಅಂಗಿ, ಜಬಲಾ. ಮೇಡಂನ ಮೇಲ್ದುಟಿಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ಹೊಲಿಗೆ ಮಾತ್ರ ಒಂದು ದಾರದಷ್ಟೂ ಅಡ್ಡ ಹೋಗಲಿಲ್ಲ. ಇನ್‌ಸ್ಪೆಕ್ಟರು ಹೋದ ಮೇಲೆ ಅವರು ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಹಿತ್ತಲಿನ ನಲ್ಲಿಯ ಪಕ್ಕದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಸೀರೆಯ ಹಿಂಬದಿಯಲ್ಲಿ ರಕ್ತದ ಸಣ್ಣ ಕಲೆ.

ಮುಟ್ಟೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿದರು.

"ಅಕ್ಕ, ಅಲ್ಲಿ... ಕೆಳಗೆ... ಚರ್ಮ ಸೀಳ್ಕೊಂಡಿದೆ. ಕೂತ್ರೆ ಗಾಯಕ್ಕೆ ಉಪ್ಪು ಹಾಕಿ ತಿಕ್ಕಿದಂಗಾಗ್ತದೆ."

ನಾನು ಕನ್ನಡ ಕಲಿಸುವವಳು. ಹೆಣ್ಣಿನ ಕಣ್ಣಿಗೆ, ತುಟಿಗೆ, ನಡುವಿಗೆ ನಮ್ಮ ಕಾವ್ಯದಲ್ಲಿ ಎಷ್ಟೆಷ್ಟು ಹೆಸರುಗಳಿವೆಯೆಂದು ಹುಡುಗಿಯರಿಗೆ ಬಾಯಿಪಾಠ ಮಾಡಿಸಿದವಳು. ಆ ಹೆಣ್ಣಿಗೇ ನೋವಾದಾಗ ಹೇಳಿಕೊಳ್ಳಲು ಉಳಿದದ್ದು 'ಅಲ್ಲಿ' ಮತ್ತು 'ಕೆಳಗೆ' ಎಂಬ ಎರಡು ಮಾತು. ಮಿಕ್ಕವನ್ನೆಲ್ಲ ಬೀದಿಯ ಗಂಡಸರು ಬೈಗುಳಕ್ಕೆಂದು ಎತ್ತಿಕೊಂಡು ಹೋಗಿದ್ದರು. ಆ ಮಧ್ಯಾಹ್ನ ನಲ್ಲಿಯ ಬಳಿ ನಿಂತು, ನನ್ನ ಭಾಷೆಯ ಮೇಲೆಯೇ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ.

ಅವರು ಹೇಳಿಕೊಂಡದ್ದು ಇಷ್ಟು. ಮದುವೆಗೆ ಮುಂಚೆಯೇ ತುರಿಕೆ ಶುರುವಾಗಿತ್ತು. ಮೊದಮೊದಲು ಆಗಾಗ, ಆಮೇಲೆ ಬಿಡದೆ. ಚರ್ಮ ಬೆಳ್ಳಗಾಗಿ, ತೆಳ್ಳಗಾಗಿ, ಸುಕ್ಕುಗಟ್ಟಿದ ಕಾಗದದಂತಾಗಿ, ಸ್ವಲ್ಪ ತಾಕಿದರೂ ಬಿರಿಯುತ್ತಿತ್ತು. ಮೂತ್ರ ತಾಗಿದರೆ ಉರಿ. ನಡೆದರೆ ಉರಿ. ಮದುವೆಯಾದ ಮೇಲೆ ಗಂಡನ ಜೊತೆ ಮಲಗಿದ ಪ್ರತಿ ಸಲವೂ ಗಾಯ. "ಅವರು ಕೆಟ್ಟವರಲ್ಲ ಅಕ್ಕ. ನಾನು ಕಿರುಚ್ಕೊಂಡೆ. ಆಮೇಲೆ ಅವರು ಹತ್ರ ಬರೋದನ್ನೇ ಬಿಟ್ಟರು." ಅತ್ತೆ ಬಿಸಿ ಉಪ್ಪುನೀರಿನಲ್ಲಿ ತೊಳೆಯಲು ಹೇಳಿದ್ದರು. ನಾಟಿ ಮದ್ದಿನವನೊಬ್ಬ, ಕಣ್ಣಿನಿಂದ ನೋಡದೆ, ಸುಣ್ಣ ಬೆರೆಸಿದ ಯಾವುದೋ ಲೇಪ ಕೊಟ್ಟಿದ್ದ, ಅದು ಸುಟ್ಟುಹಾಕಿತ್ತು. ಯಾರೂ ಹೇಳದೆ ತಾವಾಗಿ ಕಂಡುಕೊಂಡದ್ದು ಹರಳೆಣ್ಣೆ. ಅದು ಕಾಯಿಲೆಯನ್ನು ವಾಸಿ ಮಾಡಲಿಲ್ಲ, ಉರಿಯನ್ನು ಒಂದಿಷ್ಟು ಹೊತ್ತು ತಡೆಯುತ್ತಿತ್ತು, ಅಷ್ಟೇ.

"ಡಾಕ್ಟರಿಗೆ ತೋರಿಸಬೇಕು," ಎಂದೆ.

"ತೋರಿಸ್ತೀನಿ ಅಕ್ಕ. ಇದೊಂದು ವಾಸಿಯಾದ್ರೆ ನಂಗೊಂದು ಮಗು ಆಗ್ತದೆ. ನಂಗೆ ಬೇಕು," ಎಂದರು. ಅತ್ತೆಗೆ ಬೇಕು, ಗಂಡನಿಗೆ ಬೇಕು ಎನ್ನಲಿಲ್ಲ. ನಂಗೆ ಬೇಕು ಎಂದರು. ಆ ಮಾತನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಆ ವರ್ಷದ ಗೌರಿ ಹಬ್ಬಕ್ಕೆ ತವರಿನಿಂದ ಕರೆ ಬಂತು. ಒಬ್ಬರೇ ಹೋಗಲು ಅಂಜಿ ನನ್ನನ್ನು ಜೊತೆಗೆ ಕರೆದರು; ಏಕೆ ಅಂಜಿದರೆಂದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹೊಗೆಸೊಪ್ಪು ಬೇಯಿಸುವ ಕಾಲ. ಊರಿಗೆ ಊರೇ ಸೊಪ್ಪು ಒಣಗಿಸುವ ಬ್ಯಾರನ್ ಮನೆಗಳ ಬಿಸಿ ವಾಸನೆಯಲ್ಲಿ ಮುಳುಗಿತ್ತು. ಅಣ್ಣನ ಹೆಂಡತಿ, ಅಂದರೆ ಮೇಡಂನ ಅತ್ತಿಗೆ, ಬೆಳಗಿನಿಂದ ಕುಕ್ಕರಗಾಲಿನಲ್ಲಿ ಕೂತು ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ, ಅಂಟು ಕಟ್ಟಿದ ಕಪ್ಪು ಕೈ ತೊಳೆದು, ಹಬ್ಬದ ಅಡುಗೆಯನ್ನೂ ಮಾಡಿದ್ದರು. ಗಟ್ಟಿ ಹೆಂಗಸು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹೊರಡುವ ಹೊತ್ತಿಗೆ ಮಡಿಲಕ್ಕಿ. ತವರಿಗೆ ಬಂದ ಹೆಣ್ಣುಮಗಳನ್ನು ನಮ್ಮ ಕಡೆ ಬರಿ ಮಡಿಲಲ್ಲಿ ಕಳಿಸುವಂತಿಲ್ಲ. ಮಣೆಯ ಮೇಲೆ ಕೂರಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆಯನ್ನು ಸೆರಗಿಗೆ ತುಂಬಬೇಕು. ಮಣೆ ಹಾಕಿದರು. ಮೇಡಂ ಅದನ್ನು ನೋಡುತ್ತ ನಿಂತರು.

"ಅತ್ತಿಗೆ, ನಿಂತ್ಕೊಂಡೇ ಈಸ್ಕೊಳ್ತೀನಿ."

"ಯಾಕವ್ವ? ನಮ್ಮನೆ ಮಣೆ ನಿಂಗೆ ಆಗಾಕಿಲ್ವಾ?"

"ಸೊಂಟ ನೋವು ಅತ್ತಿಗೆ."

"ಸೊಂಟ ನೋವು ನಂಗಿಲ್ವಾ? ಒತ್ತು ಉಟ್ಟಿದಾಗ್ಲಿಂದ ಬ್ಯಾರನ್ ಮುಂದೆ ಕುಕ್ಕರಗಾಲಲ್ಲಿ ಕುಂತಿವ್ನಿ. ಸಂಬ್ಳ ತಗಳೋ ಸೊಂಟ ಬ್ಯಾರೆ ಇರ್ತದಾ?"

"ಅವರಿಗೆ ಕೂರೋಕಾಗಲ್ಲ. ನಿಂತ ಹಾಗೇ ಕೊಡಿ," ಎಂದು ನಾನು ನಡುವೆ ಬಾಯಿ ಹಾಕಿದೆ.

"ಮೇಡಮ್ಮಾರೆ, ನೀವು ಇಸ್ಕೂಲ್ನಲ್ಲಿ ಪಾಠ ಯೋಳಿ. ಮಡ್ಲಕ್ಕಿ ಎಂಗ್ ಕೊಡ್ಬೇಕು ಅಂತ ನಮ್ಗೆ ಗೊತ್ತದೆ," ಎಂದಿತು ಉತ್ತರ. ಅತಿಥಿಯಾಗಿ ಹೋದ ಮನೆಯಲ್ಲಿ ಕೇಳಿದ ಮಾತು ಅದು.

ಮೂಲೆಯಲ್ಲಿದ್ದ ಮುದುಕಿಯೊಬ್ಬಳು, ಮೇಡಂಗೆ ಸೋದರತ್ತೆಯಾಗಬೇಕಂತೆ, "ನಿಂತ್ಕಂಡು ಈಸ್ಕೊಂಡ್ರೆ ಮಡ್ಲು ನಿಲ್ಲಾಕಿಲ್ಲ ಕಣವ್ವ, ಕೂಸಾಗಾಕಿಲ್ಲ," ಎಂದು ಗೊಣಗಿದಳು. ಮೇಡಂ ಮೊಣಕಾಲೂರಲು ನೋಡಿದರು, ಮುಖ ಬಿಳುಚಿತು, ಮತ್ತೆ ಎದ್ದು ನಿಂತು ಸೆರಗೊಡ್ಡಿದರು. ಅತ್ತಿಗೆ ಮೊರವನ್ನು ಎತ್ತಿ ಸುರಿದರು. ತುಂಬುವಂತೆ ಅಲ್ಲ, ಬಿಸಾಡುವಂತೆ. ಅರ್ಧದಷ್ಟು ಅಕ್ಕಿ ನೆಲದ ಪಾಲಾಯಿತು. ಚೆಲ್ಲಿದ್ದನ್ನು ಬಗ್ಗಿ ಆರಿಸಲು ಮೇಡಂಗೆ ಆಗಲಿಲ್ಲ. ನಾನೇ ಆರಿಸಿಕೊಟ್ಟೆ. ಬೇರೆ ಒಬ್ಬರ ಕೈಯೂ ಮುಂದೆ ಬರಲಿಲ್ಲ.

ಆ ದಿನದಿಂದ ಎರಡೂ ಮನೆಗೆ ಒಂದು ಕಾರಣ ಸಿಕ್ಕಿತು. ಮಡಿಲಕ್ಕಿಯನ್ನು ನಿಂತು ಪಡೆದವಳಿಗೆ ಮಕ್ಕಳಾಗುವುದಾದರೂ ಹೇಗೆ? ಮಕ್ಕಳಾಗದಿರುವುದು ಅದಕ್ಕೂ ಮುಂಚಿನ ಸಂಗತಿ ಎಂಬುದನ್ನು ಲೆಕ್ಕ ಹಾಕುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ನೋವು ಮೊದಲು ಬಂತು, ನಿಲ್ಲುವುದು ಆಮೇಲೆ ಬಂತು. ಇವರು ನಿಂತದ್ದನ್ನೇ ಮೊದಲು ಮಾಡಿಕೊಂಡರು. ತವರಿನವರು ಬಂದು ಹೋಗುವುದನ್ನು ನಿಲ್ಲಿಸಿದರು.

ಡಾಕ್ಟರಿಗೆ ತೋರಿಸಲು ಕೊನೆಗೂ ಅತ್ತೆಯೇ ಕರೆದುಕೊಂಡು ಹೋದರು, ಪಕ್ಕದ ತಾಲ್ಲೂಕಿನ ಒಂದು ನರ್ಸಿಂಗ್ ಹೋಮಿಗೆ. ಹೆಂಗಸರ ಡಾಕ್ಟರು, ಸ್ವತಃ ಹೆಂಗಸು. ಅಷ್ಟರಮಟ್ಟಿಗೆ ನಾನೂ ನೆಮ್ಮದಿಪಟ್ಟಿದ್ದೆ. ಮರುದಿನ ಮೇಡಂ ಬಂದು ನಡೆದದ್ದನ್ನು ಹೇಳಿದರು. ಡಾಕ್ಟರು ಮೇಜಿನ ಆಚೆಯಿಂದಲೇ ಕೇಳಿದರಂತೆ. ಇವರು "ಅಲ್ಲಿ ಉರಿ, ತುರಿಕೆ, ನೋವು" ಎಂದರಂತೆ. ಪೂರ್ತಿ ಹೇಳುವ ಮುಂಚೆ ಅತ್ತೆ "ಮದ್ವೆಯಾಗಿ ಇಷ್ಟು ವರ್ಷ ಆಯ್ತು, ಮಕ್ಳಿಲ್ಲ" ಎಂದು ಸೇರಿಸಿದರಂತೆ. ಹೊಟ್ಟೆಯ ಮೇಲಿನಿಂದ ಸ್ಕ್ಯಾನು ಮಾಡಿಸಿದರು. ಗರ್ಭಕೋಶ ಸ್ವಲ್ಪ ಊದಿದೆ, ಎಲ್ಲ ತೊಂದರೆಯ ಮೂಲವೂ ಅದೇ, ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದರು.

"ನೋಡಿದರಾ?" ಎಂದು ಕೇಳಿದೆ.

"ಏನನ್ನ ಅಕ್ಕ?"

"ನೋವಿರೋ ಜಾಗವನ್ನ."

"ಇಲ್ಲ," ಎಂದರು. "ಕೇಳಿದ್ದಕ್ಕೆ, ಅದೆಲ್ಲ ಒಳಗಿಂದ ಬರೋದು ಅಂದ್ರು."

ಕಾಲಿಗೆ ಮುಳ್ಳು ಚುಚ್ಚಿದೆ ಎಂದರೆ ಕಾಲು ನೋಡದೆ ಔಷಧಿ ಕೊಡುವವರನ್ನು ನಾವು ಡಾಕ್ಟರೆಂದು ಕರೆಯುತ್ತೇವೆಯೇ? ಈ ಒಂದು ಜಾಗದ ವಿಷಯದಲ್ಲಿ ಮಾತ್ರ ಅತ್ತೆ, ಮದ್ದಿನವನು, ಓದಿದ ಡಾಕ್ಟರು ಎಲ್ಲರಿಗೂ ಅಭಿಪ್ರಾಯವಿತ್ತು. ನೋಡುವ ಕಣ್ಣು ಒಬ್ಬರಿಗೂ ಇರಲಿಲ್ಲ.

ಅತ್ತೆಗೆ ಮನಸ್ಸಿನಲ್ಲಿ ತೀರ್ಮಾನವಾಗಿಹೋಗಿತ್ತು. "ಎಂಗೂ ಕೂಸಾಗಾಕಿಲ್ಲ, ಆ ಚೀಲ ಮಡಿಕೊಂಡು ಏನ್ ಮಾಡೀಯೆ? ತೆಗ್ಸಾಕು, ನೋವಾದ್ರೂ ಓಯ್ತದೆ." ಗಂಡನನ್ನು ಸೊಸೈಟಿಯ ಬಳಿ ಕಂಡು, ಮೈಸೂರಿನಲ್ಲಿ ಇನ್ನೊಬ್ಬರಿಗೆ ತೋರಿಸೋಣ, ಆಮೇಲೆ ನೋಡೋಣ ಎಂದೆ. ಆತ ನೆಲ ನೋಡುತ್ತ, "ನಮ್ಮನೆ ವಿಷ್ಯ ಮೇಡಂ, ಅವ್ವ ನೋಡ್ಕೋತಾರೆ," ಎಂದ. ಪಾಪದ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು. ಪಾಪದವರು ಮಾಡುವ ಅನ್ಯಾಯಕ್ಕೆ ನಮ್ಮಲ್ಲಿ ಸುಲಭವಾಗಿ ಮಾಫಿ ಸಿಗುತ್ತದೆ.

ಉಳಿದದ್ದು ತವರು. ಅಣ್ಣ ಬಂದು ಬೇಡವೆಂದರೆ ಅತ್ತೆ ಹಿಂದೆ ಸರಿಯುತ್ತಿದ್ದರು. ನಮ್ಮ ಕಡೆ ಹೆಣ್ಣು ಕೊಟ್ಟವರ ಮಾತಿಗೆ ಅಷ್ಟು ಬೆಲೆಯಿತ್ತು. ಭಾನುವಾರ ನಾನೊಬ್ಬಳೇ ಬಸ್ಸು ಹತ್ತಿ ಹೋದೆ. ಅಣ್ಣ ಬ್ಯಾರನ್ನಿನ ಒಲೆಯ ಮುಂದೆ ಕೂತಿದ್ದ. ಅತ್ತಿಗೆ ಸೊಪ್ಪು ಕಟ್ಟುತ್ತಿದ್ದರು. ವಿಷಯವನ್ನು ಎಷ್ಟು ಹೇಳಬಹುದೋ ಅಷ್ಟು ಹೇಳಿದೆ. ತಂಗಿಯ ಗರ್ಭಕೋಶ ತೆಗೆಯುತ್ತಾರೆ, ಅವಸರ ಮಾಡುತ್ತಿದ್ದಾರೆ, ನೀವು ಬಂದು ಸ್ವಲ್ಪ ತಡೆಯಿರಿ ಎಂದೆ.

"ಮಡ್ಲಕ್ಕಿಗೆ ಕುಂತ್ಕಳಾಕೆ ಆಗ್ದೋಳ್ಗೆ ತವರು ಯಾಕ್ ಬೇಕಂತೆ?" ಎಂದರು ಅತ್ತಿಗೆ, ಕೈಯ ಕೆಲಸ ನಿಲ್ಲಿಸದೆ.

ನಾನು ಅಣ್ಣನ ಮುಖ ನೋಡಿದೆ. ಅವನು ಒಲೆಗೆ ಇನ್ನೊಂದು ಸೌದೆ ತಳ್ಳಿದ. ಅದು ಹೊತ್ತಿಕೊಳ್ಳುವವರೆಗೂ ಕಾದೆ. ಹೊತ್ತಿಕೊಂಡಿತು. ಅವನು ಮತ್ತೊಂದಕ್ಕೆ ಕೈ ಚಾಚಿದ.

ಆಪರೇಷನ್ ಆಯಿತು. ಹಿಂದಿನ ದಿನ ಮೇಡಂ ನನಗೆ ಹೇಳಿದ ಮಾತು: "ಮಗು ಹೆಂಗೂ ಇಲ್ಲ ಅಂತಾರೆ ಅಕ್ಕ. ನೋವಾದ್ರೂ ಹೋಗ್ಲಿ." ಹೋಗಲಿಲ್ಲ. ಹೊಟ್ಟೆಯ ಹೊಲಿಗೆ ಮಾಗಿತು, ರಜೆ ಮುಗಿಯಿತು, ಅವರು ಶಾಲೆಗೆ ಬಂದರು. ಅದೇ ಕಿಟಕಿ, ಅದೇ ಹರಳೆಣ್ಣೆ. ಕೊಠಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಪಿ.ಟಿ. ಮೇಷ್ಟ್ರು ಮಾತ್ರ, "ಇನ್ನೂ ನಿಂತೇ ಇದ್ದೀರಲ್ರೀ!" ಎಂದು ಒಮ್ಮೆ ಅಚ್ಚರಿಪಟ್ಟರು.

ಮುಂದಿನ ಬೇಸಿಗೆಯಲ್ಲಿ ಸೀಮೆಸುಣ್ಣದ ಪುಡಿಯಿಂದ ನನ್ನ ಬೆರಳುಗಳ ಚರ್ಮ ಒಡೆಯಿತು. ಮೈಸೂರಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಹೆಂಗಸು, ದಪ್ಪ ಕನ್ನಡಕ. ನನ್ನ ಬೆರಳುಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಅವರು ನೋಡಿದ ರೀತಿಗೆ ನನಗೆ ಧೈರ್ಯ ಬಂತು. ಹೆಣ್ಣುಮಕ್ಕಳ ಆ ಜಾಗಕ್ಕೂ ಚರ್ಮದ ಕಾಯಿಲೆ ಬರುತ್ತದೆಯೇ ಎಂದು ಕೇಳಿದೆ.

"ಚರ್ಮ ಇರೋ ಕಡೆಯೆಲ್ಲ ಬರುತ್ತೆ. ಯಾಕೆ ಬರಬಾರದು?" ಎಂದು ಅವರು ನಕ್ಕರು. "ಯಾರಿಗೆ? ಕರ್ಕೊಂಡ್ ಬನ್ನಿ."

ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ಮೇಡಂ ಕಂಬಿ ಹಿಡಿದು ನಿಂತರು. "ಏನಮ್ಮಾ, ಸೀಟು ಖಾಲಿ ಬಿದ್ದೈತೆ. ನಿಂತ್ಕೊಂಡು ಬಂದ್ರೆ ಟಿಕೆಟ್ ಕಮ್ಮಿ ಆಗಾಕಿಲ್ಲ ಕಣಮ್ಮ," ಎಂದ ಕಂಡಕ್ಟರ್. ಹಿಂದಿನವರು ನಕ್ಕರು. "ನಿನ್ನ ಕೆಲಸ ನೀನು ನೋಡಿಕೋ," ಎಂದು ಗದರಿದೆ. ಹುಣಸೂರು ದಾಟುವವರೆಗೂ ಆ ನಗು ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿತ್ತು. ನಾನೂ ಅವರ ಪಕ್ಕದಲ್ಲೇ ನಿಂತು ಹೋದೆ.

ಆ ಡಾಕ್ಟರು ಪರದೆ ಎಳೆದು, ಮಲಗಿಸಿ, ದೀಪ ಹಾಕಿ, ನೋಡಿದರು. ಅಷ್ಟೇ. ಇಷ್ಟು ವರ್ಷಗಳಲ್ಲಿ ಯಾರೂ ಮಾಡದೆ ಇದ್ದದ್ದು ಅಷ್ಟೇ. ಕೈ ತೊಳೆದು ಬಂದು, ಲೈಕೆನ್ ಸ್ಕ್ಲೆರೋಸಸ್ ಎಂಬ ಹೆಸರು ಹೇಳಿ, ಅದನ್ನು ಕನ್ನಡದಲ್ಲಿ ಬಿಡಿಸಿ ವಿವರಿಸಿದರು. ಇದು 'ಕೆಟ್ಟ ಕಾಯಿಲೆ' ಅಲ್ಲ. ಗಂಡನಿಂದ ಬಂದದ್ದಲ್ಲ, ಗಂಡನಿಗೆ ಹರಡುವುದೂ ಇಲ್ಲ. ಕೊಳೆಯಿಂದ ಬಂದದ್ದಲ್ಲ, ಆದ್ದರಿಂದ ಸೋಪು ಹಾಕಿ ಉಜ್ಜಬಾರದು. ಪೂರ್ತಿ ಹೋಗದಿದ್ದರೂ ಮುಲಾಮಿನಿಂದ ಹತೋಟಿಗೆ ಬರುತ್ತದೆ. ಬಿಡದೆ ಹಚ್ಚಬೇಕು, ಆಗಾಗ ಬಂದು ತೋರಿಸುತ್ತಿರಬೇಕು. ಕೈಗೆ ಕೊಟ್ಟದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಟ್ಯೂಬು.

ಆಮೇಲೆ ಹೊಟ್ಟೆಯ ಗಾಯದ ಗುರುತು ನೆನಪಾಗಿ, "ಗರ್ಭಕೋಶ ಯಾಕಮ್ಮ ತೆಗೆಸಿದ್ರಿ?" ಎಂದು ಕೇಳಿದರು.

"ಇದಕ್ಕೇ ಮೇಡಂ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲವಲ್ಲ..." ಎಂದರು.

ಹೊಲಿಗೆ ಮೇಡಂ ಆ ಟ್ಯೂಬನ್ನು ತಿರುಗಿಸಿ ನೋಡಿದರು. "ಇದು ಹೊಸದಾಗಿ ಬಂದಿರೋ ಔಷಧಿನಾ ಮೇಡಂ? ಆಪರೇಷನ್‌ಗೆ ಮುಂಚೆ ಇತ್ತಾ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಇತ್ತಮ್ಮ. ತುಂಬಾ ವರ್ಷದಿಂದ ಇದೆ. ನಿಮ್ಮೂರಿನ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತೆ."

ಅವರು ಅಳಲಿಲ್ಲ. ತಲೆಯಾಡಿಸಿ ಟ್ಯೂಬನ್ನು ಕೈಚೀಲಕ್ಕೆ ಹಾಕಿಕೊಂಡರು. ಮಳೆಗಾಲ ಕಳೆಯುವ ಹೊತ್ತಿಗೆ ತುರಿಕೆ ನಿಂತಿತ್ತು, ಚರ್ಮ ಬಿರಿಯುವುದು ನಿಂತಿತ್ತು. ಒಂದು ದಿನ ಉಪಾಧ್ಯಾಯರ ಕೊಠಡಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಡಬ್ಬಿ ಬಿಚ್ಚಿದರು. ಯಾರೂ ಗಮನಿಸಲಿಲ್ಲ. ನಿಂತದ್ದನ್ನು ವರ್ಷಗಟ್ಟಲೆ ಗಮನಿಸಿದ ಕಣ್ಣುಗಳು ಅವು.

ಆಮೇಲಿನ ವರ್ಷಗಳಲ್ಲಿ ಅವರು ಹೊಲಿಗೆ ಪಾಠದ ನಡುವೆ ಹತ್ತನೇ ತರಗತಿಯ ಹುಡುಗಿಯರಿಗೆ ಒಂದು ಮಾತು ಹೇಳುತ್ತಿದ್ದರು. "ನೋವಾದ್ರೆ ಎಲ್ಲಿ ಅಂತ ಬಾಯ್ಬಿಟ್ಟು ಹೇಳ್ಬೇಕು. ಡಾಕ್ಟರು ನೋಡ್ದೆ ಬರೆದುಕೊಟ್ರೆ, ಒಂದ್ಸಲ ನೋಡಿ ಅಂತ ಕೇಳ್ಬೇಕು. ನಾಚ್ಕೊಂಡು ವಾಪಸ್ ಬರ್ಬಾರ್ದು." ತಮ್ಮ ಕತೆ ಹೇಳುತ್ತಿರಲಿಲ್ಲ. ಅಷ್ಟಕ್ಕೇ ಯಾರೋ ಒಬ್ಬ ತಂದೆ ದೂರು ತಂದ. ಹೆಡ್ಮಾಸ್ಟರು ಅವರನ್ನು ಕರೆದು, ಇದು ಮರ್ಯಾದಸ್ಥರ ಹೆಣ್ಣುಮಕ್ಕಳ ಶಾಲೆ ಎಂದರು. ಆ ದೂರಿಗೆ ಹೆಡ್ಮಾಸ್ಟರು 'ನೋಡೋಣ' ಎನ್ನಲಿಲ್ಲ, ಆವತ್ತೇ ಕ್ರಮ ಕೈಗೊಂಡರು. ಮೇಡಂ ಕೇಳಿಸಿಕೊಂಡು ಬಂದು, ಮುಂದಿನ ವರ್ಷವೂ ಅದೇ ಮಾತು ಹೇಳಿದರು. ಅವರಿಗೆ ಕೋಪ ಬಂದದ್ದನ್ನು ನಾನು ಕಾಣಲಿಲ್ಲ. ಅವರ ಪಾಲಿನದನ್ನೂ ನಾನೇ ಇಟ್ಟುಕೊಂಡಿದ್ದೇನೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ಕಳೆದ ತಿಂಗಳು ಅವರು ತೀರಿಕೊಂಡರು. ಹೃದಯ ನಿಂತಿತು, ಹೆಚ್ಚು ನರಳಲಿಲ್ಲವಂತೆ. ಕಾರ್ಯದ ದಿನ ಅವರ ಮನೆಗೆ ಹೋದೆ. ಅಣ್ಣ ಅವರಿಗಿಂತ ಮೊದಲೇ ತೀರಿಹೋಗಿದ್ದ. ಅತ್ತಿಗೆ ಬಂದಿದ್ದರು, ಬೆನ್ನು ಬಾಗಿ, ಕೂದಲು ಬೆಳ್ಳಗಾಗಿ, ಕಂಬಕ್ಕೆ ಒರಗಿದ್ದರು. ನನ್ನ ಗುರುತು ಹಿಡಿದರು.

"ಏನ್ ಮಾಡಾಕಾಯ್ತದೆ ಮೇಡಮ್ಮಾರೆ," ಎಂದರು. "ಅವತ್ತು ಮಡ್ಲಕ್ಕಿನ ನಿಂತ್ಕಂಡು ಈಸ್ಕೊಂಡ್ಲು. ಅವತ್ತೇ ಮಡ್ಲು ಬರಿದಾಯ್ತು. ಕೊಳ್ಳಿ ಇಡಾಕೂ ಒಂದು ಕೂಸಿಲ್ದಂಗೋದ್ಲು."

ನಾನು ಮೇಡಂಗೆ ಕೊಟ್ಟ ಮಾತಿನ ಅವಧಿ ಮುಗಿದಿತ್ತು. ತುಂಬಿದ ನಡುಮನೆಯಲ್ಲಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದೆ. ಆಕೆಗಿದ್ದದ್ದು ಯೋನಿಯ ಸುತ್ತಲಿನ ಚರ್ಮದ ಕಾಯಿಲೆ. ಚರ್ಮ ಬೆಳ್ಳಗಾಗಿ ಬಿರಿಯುವ ಕಾಯಿಲೆ. ಕೂರಲಾರದೆ ನಿಂತರು, ಸೊಕ್ಕಿಗಲ್ಲ. ಒಂದು ಮುಲಾಮಿಗೆ ಬಗ್ಗುತ್ತಿತ್ತು. ಯಾರೂ ನೋಡಲಿಲ್ಲ. ನೋಡುವುದರ ಬದಲು ಗರ್ಭಕೋಶ ತೆಗೆದರು. ತಡೆಯಿರೆಂದು ನಾನು ನಿಮ್ಮ ಬಾಗಿಲಿಗೆ ಬಂದಿದ್ದೆ.

ಗಂಡಸರು ಒಬ್ಬೊಬ್ಬರಾಗಿ ಎದ್ದು ಜಗಲಿಗೆ ಹೋದರು. ಮೇಡಂನ ಗಂಡ, ಸೊಸೈಟಿಯ ಗುಮಾಸ್ತ, ಅವನೂ ಹೋದ. ಹೆಂಗಸರು ಕೂತಲ್ಲೇ ಕೂತಿದ್ದರು. ಅತ್ತಿಗೆ ಈಗ ಬೈಯುತ್ತಾರೆ ಎಂದುಕೊಂಡೆ. ಬೈದರೆ ಕೊಡಬೇಕಾದ ಉತ್ತರವೂ ನನ್ನ ಬಳಿ ವರ್ಷಗಳಿಂದ ಸಿದ್ಧವಿತ್ತು. ಆಕೆ ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನನ್ನ ಕಡೆ ಸರಿದು, ನನಗೊಬ್ಬಳಿಗೇ ಕೇಳುವಂತೆ ಅಂದರು:

"ಬೆಳ್ಳಗೆ ಅಂದ್ರೆ... ಎಂಗ್ ಬೆಳ್ಳಗಾಯ್ತದೆ ಮೇಡಂ?"

ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಲಿಲ್ಲ. "ಒಂದೊಂದು ದಪ ರಕ್ತನೂ ಬತ್ತದಾ?" ಎಂದರು.

ಇಂಥದೊಂದು ಪ್ರಶ್ನೆಯನ್ನು ಆ ಹಬ್ಬದ ದಿನ ಯಾರಾದರೂ ಮೇಡಂಗೆ ಕೇಳಿದ್ದರೆ...

ಉತ್ತರ ಹೇಳಿದೆ. ಸುಕ್ಕು ಕಾಗದದಂತೆ ಬೆಳ್ಳಗೆ ಎಂದೆ, ಬರುತ್ತದೆ ಎಂದೆ, ಎಷ್ಟು ಕಾಲದಿಂದ ಎಂದು ಕೇಳಿದೆ. ವರ್ಷಗಟ್ಟಲೆಯಿಂದ ಎಂದರು ಆಕೆ. ದಪ್ಪ ಕನ್ನಡಕದ ಆ ಡಾಕ್ಟರು ಈಗಿಲ್ಲ; ಬೇರೆಯವರನ್ನು ವಿಚಾರಿಸಿದ್ದೇನೆ, ನೋಡುವವರೆಂದು ಖಚಿತ ಮಾಡಿಕೊಂಡಿದ್ದೇನೆ. ಬರುವ ಸೋಮವಾರ ಆಕೆಯನ್ನು ಮೈಸೂರಿಗೆ ಕರೆದುಕೊಂಡು ಹೋಗುವವಳು ನಾನೇ. ಪರದೆಯ ಈಚೆ ಕಾಯುವವಳೂ ನಾನೇ. ಸರಿಯಾದ ಕಾಲಕ್ಕೆ ಆ ಪರದೆಯ ಆಚೆ ಇರಬೇಕಾಗಿದ್ದವರು ಬೇರೆ ಒಬ್ಬರು, ಅವರಿನ್ನು ಇಲ್ಲ ಎಂಬುದನ್ನು ದಾರಿಯುದ್ದಕ್ಕೂ ನೆನೆಯುತ್ತೇನೆ. ಆಕೆಯನ್ನು ಕ್ಷಮಿಸಿಲ್ಲ.